ನಿಮ್ಮ ಏಳು, ಅವರ ಏಳು

ನೋವು ಎಷ್ಟಿದೆ ಅಂತ ಡಾಕ್ಟರ್ ಕೇಳುತ್ತಾರೆ. ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಹೇಳಬೇಕು. ನೀವು ಏಳು ಅನ್ನುತ್ತೀರಿ. ಪಕ್ಕದ ಹಾಸಿಗೆಯವರೂ ಏಳು ಅನ್ನುತ್ತಾರೆ. ಇಬ್ಬರ ನೋವೂ ಒಂದೇನಾ? ನಿನ್ನೆಗಿಂತ ಇವತ್ತು ನಿಮಗೆ ನೋವು ಜಾಸ್ತಿಯೋ ಕಡಿಮೆಯೋ ಅನ್ನೋದು ಆ ಅಂಕಿಯಿಂದ ಗೊತ್ತಾಗುತ್ತದೆ. ಇನ್ನೊಬ್ಬರ ನೋವಿನ ಜೊತೆ ಹೋಲಿಸಬೇಕಾದರೆ ಇಬ್ಬರಿಗೂ ಒಂದೇ ಅಳತೆಗೋಲು ಬೇಕು, ಅಲ್ವಾ?

ಉಪಯುಕ್ತತಾವಾದಕ್ಕೆ ಇದು ಬುಡದ ಪ್ರಶ್ನೆ. ಎಲ್ಲರ ಸುಖವನ್ನೂ ಕೂಡಿ, ಮೊತ್ತ ಯಾವುದರಲ್ಲಿ ಹೆಚ್ಚೋ ಆ ದಾರಿ ಹಿಡಿಯಿರಿ ಅನ್ನುತ್ತದೆ ಅದು. 1881ರಲ್ಲಿ ಅರ್ಥಶಾಸ್ತ್ರಜ್ಞ ಎಜ್‌ವರ್ತ್ ಸುಖ ಅಳೆಯುವ ಯಂತ್ರವನ್ನೇ ಕಲ್ಪಿಸಿಕೊಂಡರು. 1920ರಲ್ಲಿ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಪಿಗೂ, ಉಳ್ಳವರ ದುಡ್ಡು ಇಲ್ಲದವರಿಗೆ ಹೋದರೆ ಒಟ್ಟು ಸುಖ ಹೆಚ್ಚುತ್ತದೆ ಎಂದರು.

ಇದಕ್ಕೆ ತಕರಾರು ತೆಗೆದವರು ಅರ್ಥಶಾಸ್ತ್ರಜ್ಞ ಲಯೊನೆಲ್ ರಾಬಿನ್ಸ್. 1938ರಲ್ಲಿ ಅವರೊಂದು ಪ್ರಸಂಗ ನೆನಪಿಸಿಕೊಂಡರು. ಭಾರತದಲ್ಲಿ ಒಬ್ಬ ಅಧಿಕಾರಿ ಮೇಲ್ಜಾತಿಯವನೊಬ್ಬನಿಗೆ, ಉಪಯುಕ್ತತಾವಾದ ರೂಪಿಸಿದ ಬೆಂಥಮ್‌ನ ವಾದ, ಅಂದರೆ ಎಲ್ಲರ ಸುಖಕ್ಕೂ ಒಂದೇ ತೂಕ ಅನ್ನೋದನ್ನು ವಿವರಿಸುತ್ತಿದ್ದ. ಅವನು ಒಪ್ಪಲಿಲ್ಲ. ಅಗೋ, ಅಲ್ಲಿರುವ ಅಸ್ಪೃಶ್ಯನಿಗಿಂತ ಸುಖಪಡುವ ಶಕ್ತಿ ನನಗೆ ಹತ್ತು ಪಟ್ಟು ಇದೆ ಅಂದ. ರಾಬಿನ್ಸ್‌ಗೆ ಆ ಮಾತು ಹಿಡಿಸಲಿಲ್ಲ. ಆದರೆ ಅದು ಸುಳ್ಳೆಂದು ತೋರಿಸುವ ಪ್ರಯೋಗ ವಿಜ್ಞಾನದಲ್ಲಿಲ್ಲ ಎಂದರು. ಎಲ್ಲರೂ ಸಮ ಅನ್ನೋದು ನಾವು ಆರಿಸಿಕೊಂಡ ಮೌಲ್ಯ, ಅಳೆದು ಕಂಡುಕೊಂಡದ್ದಲ್ಲ.

ಆಮೇಲೆ ಅನೇಕ ಅರ್ಥಶಾಸ್ತ್ರಜ್ಞರು ಹೋಲಿಕೆಯನ್ನೇ ಕೈಬಿಟ್ಟರು. ಯಾರಿಗೂ ನಷ್ಟವಾಗದೆ ಒಬ್ಬರಿಗಾದರೂ ಒಳಿತಾದರೆ ಮಾತ್ರ ಸುಧಾರಣೆ ಎಂಬ, ಅರ್ಥಶಾಸ್ತ್ರಜ್ಞ ಪರೇಟೊ ಹೆಸರಿನ ಅಳತೆಗೆ ಅಂಟಿಕೊಂಡರು. ನನಗೆ ಇದು ನೋವಿನ ಸಂಗತಿ. ಈ ಅಳತೆಯಲ್ಲಿ, ತೀರಾ ಸಿರಿವಂತರಿಂದ ಒಂದು ತುತ್ತು ತೆಗೆದು ಹಸಿದವರಿಗೆ ಕೊಟ್ಟರೂ ಅದು ಸುಧಾರಣೆ ಅಲ್ಲ. ಸುಮ್ಮನಿರುವುದೂ ಒಂದು ತೀರ್ಮಾನವೇ.

1970ರಲ್ಲಿ ಅಮರ್ತ್ಯ ಸೇನ್ ನಡುವಿನ ದಾರಿ ತೋರಿಸಿದರು. ಪೂರ್ತಿ ಹೋಲಿಸಲಾಗದಿದ್ದರೆ ಭಾಗಶಃ ಹೋಲಿಸಬಹುದು. ಒಂದು ಯೋಜನೆಯಿಂದ ಒಬ್ಬರಿಗೆ ತಮ್ಮ ಅಳತೆಯಲ್ಲಿ 2ರಷ್ಟು ಲಾಭ, ಇನ್ನೊಬ್ಬರಿಗೆ ಅವರ ಅಳತೆಯಲ್ಲಿ 5ರಷ್ಟು ನಷ್ಟ ಅಂದುಕೊಳ್ಳಿ. ಮೊದಲಿನವರ 1, ಎರಡನೆಯವರ ಎಷ್ಟಕ್ಕೆ ಸಮ? ಸರಿಯಾಗಿ ಗೊತ್ತಿಲ್ಲ. ಆದರೆ ಅರ್ಧಕ್ಕಿಂತ ಕಡಿಮೆಯಲ್ಲ, 2ಕ್ಕಿಂತ ಜಾಸ್ತಿಯಲ್ಲ ಅಂತ ಒಪ್ಪಿದರೆ ಸಾಕು. ಲಾಭ ಹೆಚ್ಚೆಂದರೆ 4, ನಷ್ಟ 5. ಯೋಜನೆ ಬೇಡ. ಆದರೆ ನಷ್ಟ 3 ಆಗಿದ್ದರೆ ಈ ಲೆಕ್ಕ ಏನನ್ನೂ ಹೇಳದು.

ಸೇನ್ ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟಿದ್ದಾರೆ. ಬಹಳ ಕಾಲ ಕಷ್ಟದಲ್ಲೇ ಬದುಕಿದವರು ಆಸೆಯನ್ನೇ ಕಿರಿದು ಮಾಡಿಕೊಂಡಿರುತ್ತಾರೆ. ಹೇಗಿದ್ದೀರಿ ಅಂತ ಕೇಳಿದರೆ ಚೆನ್ನಾಗಿದ್ದೇನೆ ಅನ್ನುತ್ತಾರೆ. ಅದಕ್ಕೇ ಅವರ ಬಾಯಿಂದ ಬಂದ ಅಂಕಿಯ ಜೊತೆಗೆ ಅವರಿಗೆ ಊಟ ಸಿಗುತ್ತಿದೆಯಾ, ಓದೋಕೆ ಬರುತ್ತಾ, ಕಾಯಿಲೆಯಾದರೆ ಔಷಧಿ ಇದೆಯಾ ಅಂತಲೂ ನೋಡಬೇಕು.