ಕೋಡಿ ಮುಚ್ಚಿದ ಕೆರೆ

2006ರ ಮಾರ್ಚ್ 14. ಹವಾಯಿಯ ಕೌವಾಯಿ ದ್ವೀಪದಲ್ಲಿ ವಾರಗಟ್ಟಲೆ ಮಳೆ ಹಿಡಿದಿತ್ತು. ಬೆಳಕು ಹರಿಯುವ ಮುನ್ನ ಕಾ ಲೋಕೊ ಎಂಬ ಕೆರೆಯ ಮಣ್ಣಿನ ಏರಿ ಒಡೆಯಿತು. ಸುಮಾರು 150 ಕೋಟಿ ಲೀಟರ್ ನೀರು ಕಣಿವೆಯಲ್ಲಿ ನುಗ್ಗಿ, ಮರಗಳನ್ನು ಬುಡಸಮೇತ ಕಿತ್ತು, ಮನೆಗಳನ್ನು ಕೊಚ್ಚಿಕೊಂಡು, ಹೆದ್ದಾರಿಯನ್ನು ಕಡಿದು ಸಮುದ್ರ ಸೇರಿತು. ಮಲಗಿದ್ದಲ್ಲೇ ಕೊಚ್ಚಿಹೋದವರೂ ಸೇರಿ ಏಳು ಜನ ತೀರಿಕೊಂಡರು.

ಕಬ್ಬಿನ ತೋಟಕ್ಕೆ ನೀರು ಹಾಯಿಸಲೆಂದು 1890ರಲ್ಲಿ ಕಟ್ಟಿಸಿದ ಖಾಸಗಿ ಕೆರೆ ಅದು. ಕಬ್ಬಿನ ಕಾಲ ಮುಗಿಯಿತು, ಜಮೀನು ಬೇರೆಯವರ ಪಾಲಾಯಿತು, ಕೆರೆ ಮಾತ್ರ ಇದ್ದಲ್ಲೇ ಉಳಿಯಿತು. ತನಿಖೆ ನಡೆದಾಗ ಹೊರಬಿದ್ದ ಮುಖ್ಯ ಸಂಗತಿ ಒಂದೇ: ಕೆರೆಯ ಕೋಡಿಗೆ ಮಣ್ಣು ತುಂಬಲಾಗಿತ್ತು. ಹೆಚ್ಚಾದ ನೀರಿಗೆ ಹೋಗಲು ದಾರಿಯೇ ಇರಲಿಲ್ಲ. ಮಾಲೀಕನ ಮೇಲೆ ಕ್ರಿಮಿನಲ್ ಮೊಕದ್ದಮೆ ನಡೆದು, ಕೊನೆಗೆ 2014ರಲ್ಲಿ ಅವನಿಗೆ ಏಳು ತಿಂಗಳ ಜೈಲು ಆಯಿತು.

ಕೋಡಿಯ ಬಗ್ಗೆ ಕನ್ನಡದವರಿಗೆ ಹೇಳಿಕೊಡಬೇಕಾಗಿಲ್ಲ. ಕೆರೆ ಕೋಡಿ ಬಿತ್ತು ಎಂದರೆ ಊರಿಗೆ ಊರೇ ಬಂದು ಗಂಗೆಪೂಜೆ ಮಾಡಿ ಬಾಗಿನ ಕೊಡುವ ನಾಡು ನಮ್ಮದು. ಆದರೆ ಸ್ವಂತ ಜಮೀನಿನಲ್ಲಿ ಕೆರೆ ಕಟ್ಟಿಸುವಾಗ ಲೆಕ್ಕ ಬೇರೆಯಾಗುತ್ತದೆ. ಎಷ್ಟು ನೀರು ನಿಲ್ಲುತ್ತದೆ ಎಂದು ಎಲ್ಲರೂ ಕೇಳುತ್ತಾರೆ, ಎಷ್ಟು ನೀರು ಹೊರಗೆ ಹೋಗಬಲ್ಲದು ಎಂದು ಕೇಳುವವರು ಕಡಿಮೆ. ವರ್ಷದ ಮುನ್ನೂರೈವತ್ತು ದಿನ ಒಣಗಿ ಬಿದ್ದಿರುವ ಜಾಗವನ್ನು ದಂಡ ಎಂದುಕೊಳ್ಳುವುದು ಸುಲಭ. ನನ್ನ ಮಟ್ಟಿಗೆ ಹೇಳುವುದಾದರೆ, ಸಣ್ಣ ಕೆರೆಯಲ್ಲಿ ಏರಿಗಿಂತ ಮೊದಲು ಕೋಡಿಗೆ ದುಡ್ಡು ಸುರಿಯಬೇಕು.

ಒಂದು ಲೆಕ್ಕ ನೋಡೋಣ. ಕೆರೆಗೆ ನೀರು ಇಳಿದುಬರುವ ಇಳಿಜಾರು 100 ಎಕರೆ, ಅಂದರೆ 40 ಹೆಕ್ಟೇರ್ ಇದೆ ಎನ್ನಿ. 100 ಮಿಲಿಮೀಟರ್ ಮಳೆ ಬಿದ್ದು, ಅದರಲ್ಲಿ ಅರ್ಧ ನೆಲಕ್ಕೆ ಇಂಗಿದರೂ ಉಳಿದ ಅರ್ಧ 2 ಕೋಟಿ ಲೀಟರ್ ಆಗುತ್ತದೆ. ಅಷ್ಟೂ ಎರಡು ಗಂಟೆಯಲ್ಲಿ ಬಂತೆಂದರೆ ಸೆಕೆಂಡಿಗೆ ಹತ್ತಿರ ಹತ್ತಿರ 2,800 ಲೀಟರ್. ‘ತೂಬು ಇದೆಯಲ್ಲ, ಬಿಟ್ಟರಾಯಿತು’ ಎನ್ನುವವರಿದ್ದಾರೆ. ಐದು ಮೀಟರ್ ನೀರಿನ ಕೆಳಗಿರುವ ಆರಿಂಚು ಪೈಪನ್ನು ಪೂರ್ತಿ ತೆರೆದಿಟ್ಟರೂ ಸೆಕೆಂಡಿಗೆ ನೂರು ಲೀಟರ್ ಹೋದರೆ ಹೆಚ್ಚು. ಬರುವ ನೀರಿನ ಮುಂದೆ ಅದು ಏನೂ ಅಲ್ಲ. ಅದೇ ನೀರನ್ನು ಅರ್ಧ ಮೀಟರ್ ಆಳದಲ್ಲಿ ಹರಿಸಿ ಕಳಿಸಲು ಸುಮಾರು ಐದು ಮೀಟರ್ ಅಗಲದ ಕೋಡಿ ಸಾಕು.

ಇನ್ನೊಂದು ಅಭ್ಯಾಸವಿದೆ. ಮಳೆಗಾಲದ ಕೊನೆಗೆ ಇನ್ನಷ್ಟು ನೀರು ಉಳಿಯಲಿ ಎಂದು ಕೋಡಿಯ ಮೇಲೆ ಮರಳಿನ ಚೀಲ ಪೇರಿಸುವುದು. ಕೋಡಿಯ ಮಟ್ಟದಿಂದ ಏರಿಯ ನೆತ್ತಿಗೆ ಒಂದು ಮೀಟರ್ ಎತ್ತರವಿದ್ದು, ಅದರಲ್ಲಿ ಅರ್ಧ ಮೀಟರ್ ಚೀಲ ಇಟ್ಟರೆ ಕೋಡಿಯ ಶಕ್ತಿ ಅರ್ಧಕ್ಕಿಳಿಯಿತು ಅಂದುಕೊಳ್ಳುತ್ತೇವೆ. ಹಾಗಲ್ಲ. ಹರಿವಿನ ಆಳ ಇಮ್ಮಡಿಯಾದರೆ ಹರಿಯುವ ನೀರು ಸುಮಾರು 2.8 ಪಟ್ಟು ಆಗುತ್ತದೆ. ಆಳ ಅರ್ಧವಾದರೆ ನೀರೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಹಾಗಾಗಿ ಚೀಲ ಇಟ್ಟ ಕೋಡಿಗೆ ಉಳಿಯುವುದು ಮೊದಲಿನ ಶಕ್ತಿಯ ಮೂರರಲ್ಲೊಂದು ಪಾಲು ಮಾತ್ರ.

ಕೋಡಿ ಸಾಲದೆ ನೀರು ಏರಿಯನ್ನೇ ಹತ್ತಿದರೆ ಆಗುವುದೇನು? ಏರಿಯ ನೆತ್ತಿ ನಮ್ಮ ಕಣ್ಣಿಗೆ ಸಮತಟ್ಟಾಗಿ ಕಂಡರೂ ಎಲ್ಲೋ ಒಂದು ಕಡೆ ಕುಸಿದಿರುತ್ತದೆ. ಟ್ರ್ಯಾಕ್ಟರ್ ಓಡಾಡಿದ ಜಾಡೋ, ದನ ಹತ್ತಿಳಿಯುವ ದಾರಿಯೋ ಆಗಿರಬಹುದು. ನೀರು ಅಲ್ಲಿಂದಲೇ ಹೊರಮೈ ಮೇಲೆ ಇಳಿಯುತ್ತದೆ. ಹುಲ್ಲು ಕಿತ್ತುಹೋದಲ್ಲಿ ಒಂದು ಸಣ್ಣ ಗುಂಡಿ ಬೀಳುತ್ತದೆ. ಗುಂಡಿಯ ಮೇಲಂಚು ಕುಸಿಯುತ್ತ, ಮೆಟ್ಟಿಲು ಮೆಟ್ಟಿಲಾಗಿ ಹಿಂದೆ ಸರಿಯುತ್ತ ನೆತ್ತಿಯನ್ನು ಮುಟ್ಟುತ್ತದೆ. ನೆತ್ತಿ ತಗ್ಗಿತೆಂದರೆ ಆಳ ಹೆಚ್ಚಿತು, ಆಳ ಹೆಚ್ಚಿದರೆ ನೀರಿನ ರಭಸ ಇನ್ನೂ ಹೆಚ್ಚಿತು. ಆಮೇಲೆ ಯಾವ ಜೆಸಿಬಿ ಬಂದರೂ ಅದನ್ನು ತಡೆಯಲಾಗದು.

ಏರಿ ಒಡೆಯುವ ಎರಡನೆಯ ದಾರಿ ಕಣ್ಣಿಗೆ ಬೀಳದೆ ನಡೆಯುವಂಥದ್ದು. ಐದು ಮೀಟರ್ ಆಳದಲ್ಲಿ ನೀರು ಪ್ರತಿ ಚದರ ಮೀಟರಿಗೆ ಐದು ಟನ್ ಒತ್ತುತ್ತದೆ. ಈ ಒತ್ತಡ ಹುಟ್ಟುವುದು ಆಳದಿಂದ. ಕೆರೆಯ ಹರವಿಗೂ ಅದಕ್ಕೂ ಸಂಬಂಧವಿಲ್ಲ. ಅಷ್ಟೇ ಆಳವಿರುವ ದೊಡ್ಡ ಕೆರೆಯ ಏರಿ ತಡೆಯುವ ಒತ್ತಡವನ್ನೇ ಸಣ್ಣ ಕೆರೆಯ ಏರಿಯೂ ತಡೆಯಬೇಕು. ಮಣ್ಣಿನ ಏರಿ ಒಸರುವುದು ಸಹಜ, ಒಸರುವ ನೀರು ತಿಳಿಯಾಗಿದ್ದರೆ ಕಣ್ಣಿಟ್ಟಿದ್ದರೆ ಸಾಕು. ಅದು ಕದಡಿ ಬರತೊಡಗಿತೆಂದರೆ ಏರಿಯ ಒಳಗಿನ ಮಣ್ಣೇ ಹೊರಗೆ ಬರುತ್ತಿದೆ ಎಂದರ್ಥ. ಒಸರಿನ ಬಾಯಿಂದ ಶುರುವಾಗಿ ಒಂದೊಂದೇ ಕಣ ಕಳೆದುಕೊಳ್ಳುತ್ತ ಬಿಲವೊಂದು ಕೆರೆಯ ಕಡೆಗೆ ಕೊರೆದುಕೊಂಡು ಹೋಗುತ್ತದೆ. ಆ ಬಿಲ ನೀರನ್ನು ಮುಟ್ಟಿದ ಮೇಲೆ ಉಳಿಯುವ ಹೊತ್ತು ತೀರ ಕಡಿಮೆ.

ಇದಕ್ಕೆ ಇಷ್ಟವಾದ ಜಾಗ ತೂಬಿನ ಪೈಪಿನ ಸುತ್ತಲಿನ ಮಣ್ಣು. ಪೈಪಿನ ಹೊಟ್ಟೆಯ ಕೆಳಗೆ ದಿಮ್ಮಸು ಸರಿಯಾಗಿ ಬೀಳುವುದಿಲ್ಲ, ಸಡಿಲ ಉಳಿಯುತ್ತದೆ. ಒಣಗಿದ ಮರದ ಬೇರು ಕೊಳೆತು ಬಿಟ್ಟ ಪೊಳ್ಳು, ಹೆಗ್ಗಣದ ಬಿಲ, ಏಡಿಯ ತೂತು, ಏರಿಯ ಮೈಮೇಲೆ ಎದ್ದ ಹುತ್ತ, ಇವೂ ನೀರಿಗೆ ಸಿದ್ಧ ದಾರಿಗಳೇ. ಹುತ್ತಕ್ಕೆ ಹಾಲೆರೆಯುವ ನಮ್ಮ ಭಕ್ತಿಯನ್ನು ನಾನು ಗೌರವಿಸುತ್ತೇನೆ, ಆದರೆ ಕೆರೆ ಏರಿಯ ಮೇಲೆ ಹುತ್ತ ಇರಕೂಡದು. ಮರವನ್ನು ಸಸಿಯಾಗಿದ್ದಾಗಲೇ ಕೀಳಬೇಕು. ದೊಡ್ಡದಾದ ಮೇಲೆ ಕಡಿದರೆ ಬೇರು ಒಳಗೇ ಕೊಳೆಯುತ್ತದೆ, ಬಿಟ್ಟರೆ ಗಾಳಿಗೆ ಬೀಳುವಾಗ ಏರಿಯ ಒಂದು ತುಂಡನ್ನೇ ಎತ್ತಿಕೊಂಡು ಬೀಳುತ್ತದೆ. ಏರಿಗೆ ಗಿಡ್ಡ ಹುಲ್ಲೇ ಒಳ್ಳೆಯದು, ಮಣ್ಣನ್ನೂ ಹಿಡಿಯುತ್ತದೆ, ಬಿರುಕನ್ನೂ ಮುಚ್ಚಿಡುವುದಿಲ್ಲ.

ಮಣ್ಣಿನ ಗುಣವನ್ನು ಮನೆಯಲ್ಲೇ ನೋಡಬಹುದು. ಆಸ್ಟ್ರೇಲಿಯಾದ ರೈತರ ಖಾಸಗಿ ಕೆರೆಗಳು ಸೋಡಿಯಂ ಹೆಚ್ಚಿರುವ ಮಣ್ಣಿನಿಂದಾಗಿ ಎಷ್ಟೋ ಕಡೆ ಹಾಳಾಗಿವೆ. ಅಲ್ಲಿನ ಮಣ್ಣು ವಿಜ್ಞಾನಿ ಎಮರ್ಸನ್ 1967ರಲ್ಲಿ ಪ್ರಕಟಿಸಿದ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಗಾಜಿನ ಲೋಟದಲ್ಲಿ ಬಟ್ಟಿ ಇಳಿಸಿದ ನೀರು ಅಥವಾ ಮಳೆನೀರು ತುಂಬಿ, ಕಡಲೆ ಗಾತ್ರದ ಒಣ ಮಣ್ಣಿನ ಹೆಂಟೆಯನ್ನು ಮೆಲ್ಲಗೆ ಬಿಡಿ. ಕಲಕಬೇಡಿ. ಹೆಂಟೆ ಕುಸಿದು ಪುಡಿಯಾದರೂ ನೀರು ತಿಳಿಯಾಗಿದ್ದರೆ ಚಿಂತೆಯಿಲ್ಲ. ಸುತ್ತ ಹಾಲಿನಂಥ ಮೋಡ ಕವಿದರೆ ಆ ಜೇಡಿ ನೀರಿನಲ್ಲಿ ತಾನಾಗಿಯೇ ಕರಗಿ ತೇಲುವ ಜಾತಿಯದು. ಅಂಥ ಮಣ್ಣಿನ ಏರಿಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಸುರಂಗವಾಗಬಲ್ಲದು. ಕೊಳವೆಬಾವಿಯ ನೀರಿನಲ್ಲಿ ಈ ಪರೀಕ್ಷೆ ಮಾಡಬೇಡಿ, ಅದರಲ್ಲಿರುವ ಲವಣ ಫಲಿತಾಂಶವನ್ನೇ ಕೆಡಿಸುತ್ತದೆ. ನಮ್ಮ ನಾಲೆ ಪ್ರದೇಶದ ಸವಳು ನೆಲದಲ್ಲಿ ಹೊಂಡ ತೋಡಿಸುವವರು ಇದನ್ನು ಮಾಡಿ ನೋಡಲೇಬೇಕು. ಮಣ್ಣು ಬೇರೆ ಸಿಗದಿದ್ದರೆ ಜಿಪ್ಸಂ ಬೆರೆಸಿ ದಿಮ್ಮಸು ಮಾಡಿಸುವ ಉಪಾಯವಿದೆ.

ಬುಡದಲ್ಲಿ ಕೆಸರುನೀರು ಬರುವುದನ್ನು ಕಂಡರೆ ಕೈ ತಾನಾಗಿ ಜೇಡಿ ತಂದು ತೂತು ಮುಚ್ಚಲು ಹೋಗುತ್ತದೆ. ಅದು ತಪ್ಪು. ಬಾಯಿ ಕಟ್ಟಿದರೆ ಒಳಗೆ ಒತ್ತಡ ಏರಿ ನೀರು ಬೇರೆ ಕಡೆ ಒಡೆದುಕೊಳ್ಳುತ್ತದೆ. ಮೊದಲು ಮರಳು, ಅದರ ಮೇಲೆ ಜಲ್ಲಿ ಹಾಕಿ ನೀರನ್ನು ಬಿಟ್ಟು ಮಣ್ಣನ್ನು ಮಾತ್ರ ಹಿಡಿಯಬೇಕು. ಜೊತೆಗೇ ತೂಬು, ಪಂಪು, ಏನಿದೆಯೋ ಅದರಿಂದ ಕೆರೆಯ ಮಟ್ಟ ಇಳಿಸಬೇಕು. ಹೊರಗೆ ಅಪಾಯ ಅಷ್ಟು ಜೋರಾಗಿಲ್ಲದಿದ್ದರೆ ನಿಧಾನವಾಗಿ ಇಳಿಸುವುದು ಮೇಲು, ಏಕೆಂದರೆ ನೀರು ಗಬಕ್ಕನೆ ಇಳಿದರೆ ನೆನೆದ ಒಳಮೈ ಜಾರುತ್ತದೆ. ಇದೆಲ್ಲಕ್ಕಿಂತ ಮೊದಲು ಕೆಳಗಿನ ಜನರನ್ನು ಎಬ್ಬಿಸಬೇಕು.

ಕೆಳಗಿನ ಜನ ಎಂದಾಗ ಕೀನ್ಯಾದ ಸೊಲಾಯಿ ನೆನಪಾಗುತ್ತದೆ. 2018ರ ಮೇ 9ರ ರಾತ್ರಿ ಅಲ್ಲಿನ ಖಾಸಗಿ ತೋಟವೊಂದರ ನೀರಾವರಿ ಅಣೆಕಟ್ಟು ಒಡೆದು ನಲವತ್ತಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಮಕ್ಕಳು ಬಹಳ. ಕಾ ಲೋಕೊ ಕೆರೆಯಾದರೋ ಸರ್ಕಾರದ ಕಡತದಲ್ಲಿ ‘ಕಡಿಮೆ ಅಪಾಯ’ದ ಪಟ್ಟಿಯಲ್ಲಿತ್ತು. ಇಂಥ ಪಟ್ಟಿ ಏರಿಯ ಗಟ್ಟಿತನವನ್ನು ಅಳೆಯುವುದಿಲ್ಲ, ಒಡೆದರೆ ಕೆಳಗೆ ಎಷ್ಟು ಹಾನಿಯಾದೀತು ಎಂಬುದನ್ನು ಅಳೆಯುತ್ತದೆ. ಕೆಳಗೆ ಹೊಸ ಮನೆ ಎದ್ದಾಗ ಪಟ್ಟಿ ತಿದ್ದದಿದ್ದರೆ ಅದು ಹಳೆಯ ಕಾಗದವಷ್ಟೆ.

ಭಾರತದ 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರಿಗಿಂತ ಎತ್ತರದವನ್ನು, ಕೆಲವು ಷರತ್ತುಗಳಿಗೆ ಒಳಪಟ್ಟು 10ರಿಂದ 15 ಮೀಟರಿನವನ್ನು ನೋಡಿಕೊಳ್ಳುತ್ತದೆ. ಕೃಷಿ ಹೊಂಡಗಳೂ, ಕೊಡಗು ಚಿಕ್ಕಮಗಳೂರಿನ ಕಾಫಿ ತೋಟಗಳ ಕೆರೆಗಳೂ ಸಾಮಾನ್ಯವಾಗಿ ಅದರ ಲೆಕ್ಕಕ್ಕೆ ಬಾರವು. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟಾಗ ಸ್ಪ್ರಿಂಕ್ಲರ್ ಹಾಕಲು ಇಳಿಜಾರಿನಲ್ಲಿ ಕಟ್ಟಿಸಿದ ಆ ಕೆರೆಗಳಿಗೆ ಇನ್‌ಸ್ಪೆಕ್ಟರ್ ಎಂದರೂ ಇಂಜಿನಿಯರ್ ಎಂದರೂ ತೋಟದ ಯಜಮಾನನೇ. ನಮ್ಮ ಹಿರಿಯರು ಕೆರೆ ಕಟ್ಟಿಸಿದಾಗ ಅದರ ರಿಪೇರಿಗೆಂದು ‘ಬಿತ್ತುವಟ್ಟ’ ಎಂಬ ದತ್ತಿ ಜಮೀನು ಬಿಡುತ್ತಿದ್ದರು, ಹೂಳು ಹೊರಲು ‘ಕೆರೆಬಂಡಿ’ಗೆ ದತ್ತಿ ಹಾಕುತ್ತಿದ್ದರು. ಶಾಸನಗಳಲ್ಲಿ ಅದು ದಾಖಲಾಗಿದೆ.

ಮುಂಗಾರಿಗೆ ಮೊದಲೊಮ್ಮೆ, ಪ್ರತಿ ದೊಡ್ಡ ಮಳೆಯ ಮರುದಿನ ಮತ್ತೊಮ್ಮೆ, ಏರಿಯ ನೆತ್ತಿಯಲ್ಲೂ ಬುಡದಲ್ಲೂ ನಡೆದು ನೋಡುವುದಕ್ಕೆ ಅರ್ಧ ಗಂಟೆ ಬೇಕು. ಒಸರಿನ ಜಾಗದಲ್ಲಿ ಒಂದು ಗೂಟ ನೆಟ್ಟು, ಮೊಬೈಲಿನಲ್ಲಿ ಪ್ರತಿ ಸಲ ಅದೇ ಕೋನದಿಂದ ಫೋಟೋ ತೆಗೆದಿಟ್ಟರೆ ಬದಲಾವಣೆ ಗೊತ್ತಾಗುತ್ತದೆ. ಹಾಗೇ ಕೋಡಿ ನೀರು ಹೋಗುವ ಹಳ್ಳದ ಗುಂಟ ಇಳಿದು ಹೋಗಿ. ಎಷ್ಟೋ ತೋಟಗಳಲ್ಲಿ ಆ ಹಳ್ಳದ ಮಗ್ಗುಲಲ್ಲಿ ಸಿಗುವ ಮೊದಲ ಕಟ್ಟಡ ಕೆಲಸದವರ ಲೈನ್‌ಮನೆ. ಅಲ್ಲಿರುವವರ ಫೋನ್ ನಂಬರುಗಳು ಯಜಮಾನರ ಬಳಿಯೂ, ರಾತ್ರಿ ಕಾವಲಿರುವವರ ಬಳಿಯೂ ಇರಬೇಕು.