ಬಿಲ್ ಪೂರ್ತಿ ಕಟ್ಟಿದ ಮೇಲೂ ಬಂದ 1,466 ರೂಪಾಯಿ

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ಐದಾರು ಮಂದಿ ಭಾನುವಾರ ಸಂಜೆ ಕೂತು ಸಾಲದ ಲೆಕ್ಕ ಕಲಿಯುತ್ತಿದ್ದೇವೆ. ಎಲ್ಲರಿಗೂ ಬದ್ಲಾಪುರದಲ್ಲೋ ಅಂಬರನಾಥದಲ್ಲೋ ಸ್ವಂತ ಮನೆಯ ಆಸೆ, ಎಲ್ಲರ ತಲೆಯ ಮೇಲೂ ಹಳೆಯ ಸಾಲ. ಈ ವಾರದ ಟಿಪ್ಪಣಿಯನ್ನು ಪೆಟ್ಟು ತಿಂದವನೇ ಬರೆಯಲಿ ಎಂದು ನನಗೆ ಒಪ್ಪಿಸಿದ್ದಾರೆ.

ಎಲ್ಲರಿಗೂ ಗೊತ್ತಿರುವುದನ್ನು ಬೇಗ ಮುಗಿಸುತ್ತೇನೆ. ಸಾಲ ಕೊಡುವವರು ನಮ್ಮನ್ನು ಅಳೆಯುವ ಕ್ರೆಡಿಟ್ ಸ್ಕೋರ್ 300ರಿಂದ 900ರ ವರೆಗೆ ಇರುತ್ತದೆ. ನಾವು ಎಲ್ಲಕ್ಕೂ ಸಿಬಿಲ್ ಎನ್ನುತ್ತೇವೆ, ಆದರೆ ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಸೇರಿ ಸ್ಕೋರನ್ನೂ ಸಾಲದ ವರದಿಯನ್ನೂ ಕೊಡುವ ಸಂಸ್ಥೆಗಳು ನಾಲ್ಕಿವೆ. ಸಂಬಳ ಎಷ್ಟು, ಬ್ಯಾಂಕಿನಲ್ಲಿ ಎಷ್ಟು ಇಟ್ಟಿದ್ದೀರಿ ಎಂಬುದು ಈ ಲೆಕ್ಕಕ್ಕೆ ಬರುವುದಿಲ್ಲ. ಪಡೆದ ಸಾಲವನ್ನು ಹೇಗೆ ನಡೆಸಿಕೊಂಡಿರಿ ಎಂಬುದಷ್ಟೇ ಬರುತ್ತದೆ.

ಯಾವುದು ಮೊದಲು

ನನ್ನ ಸಾಲಗಳು ನಾಲ್ಕು: ಒಂದು ಕಾರ್ಡಿನಲ್ಲಿ 60,000, ಇನ್ನೊಂದರಲ್ಲಿ 22,000, ನೂರಕ್ಕೆ ಹದಿನಾಲ್ಕರ ಬಡ್ಡಿಯ ವೈಯಕ್ತಿಕ ಸಾಲ 1,80,000, ಘಾಟ್ಕೋಪರಿನಲ್ಲಿ ಕ್ಯಾಂಟೀನ್ ನಡೆಸುವ ಸೋದರಮಾವನಿಂದ ಪಡೆದ ಕೈಗಡ 40,000. ಮಾವನ ಮುಖ ನೋಡಲು ನಾಚಿಕೆಯಾಗಿ ಮೊದಲು ಅವರದ್ದನ್ನೇ ತೀರಿಸಲು ಹೊರಟಿದ್ದೆ. ಅವರೇ ತಡೆದರು: "ನನ್ನದಕ್ಕೆ ಬಡ್ಡಿ ಇಲ್ಲ ಮಾರಾಯ, ಮೊದಲು ಆ ಕಾರ್ಡಿನ ಬೆಂಕಿ ಆರಿಸು."

ಬೆಂಕಿಯೇ ಸರಿ. ನನ್ನ ಕಾರ್ಡಿನ ಬಡ್ಡಿ ತಿಂಗಳಿಗೆ ನೂರಕ್ಕೆ ಮೂರೂವರೆ, ಅಂದರೆ ವರ್ಷಕ್ಕೆ 42. ಗಡುವಿನೊಳಗೆ ಕಟ್ಟಲೇಬೇಕಾದ ಕನಿಷ್ಠ ಪಾವತಿ ಬಾಕಿಯ ನೂರಕ್ಕೆ ಐದು. 60,000ಕ್ಕೆ 3,000 ಕಟ್ಟಿದರೆ, ಅದರಲ್ಲಿ ಬಡ್ಡಿಯೇ 2,100, ಬಡ್ಡಿಯ ಮೇಲೆ ಜಿಎಸ್‌ಟಿ 378. ಅಸಲಿಗೆ ಹೋಗುವುದು 522 ರೂಪಾಯಿ. ಹಾಗೆಂದು ಕನಿಷ್ಠ ಪಾವತಿಯನ್ನು ಹಗುರವಾಗಿ ನೋಡಬೇಡಿ. ಸ್ಕೋರ್ ಕಾಯುವುದು ಅದೇ. ಎಲ್ಲ ಸಾಲಗಳ ಕಂತನ್ನೂ ಕನಿಷ್ಠವನ್ನೂ ಗಡುವಿನೊಳಗೆ ಕಟ್ಟಿ, ಕೈಯಲ್ಲಿ ಉಳಿದದ್ದನ್ನೆಲ್ಲ ಅತಿ ದುಬಾರಿ ಬಡ್ಡಿಯ ಸಾಲಕ್ಕೆ ಸುರಿಯುವುದು ನಮ್ಮ ಗುಂಪು ಒಪ್ಪಿದ ಕ್ರಮ. ವೈಯಕ್ತಿಕ ಸಾಲವನ್ನು ಅವಧಿಗೆ ಮುನ್ನ ಮುಗಿಸುವವರು ಅದಕ್ಕೆ ಶುಲ್ಕವಿದೆಯೇ ಎಂದು ಕರಾರುಪತ್ರದಲ್ಲಿ ನೋಡಿಕೊಳ್ಳಿ.

ನಾನು ಮುಗ್ಗರಿಸಿದ ಜಾಗ

ದೀಪಾವಳಿಯ ಬೋನಸ್ ಬಂತು. ನವೆಂಬರ್ 5ರ ಬಿಲ್ಲಿನಲ್ಲಿ ಒಟ್ಟು ಬಾಕಿ 60,000 ಎಂದಿತ್ತು, ಗಡುವು 25. ನಾನು 23ರಂದು ಒಂದು ರೂಪಾಯಿಯೂ ಬಿಡದೆ 60,000 ಕಟ್ಟಿ, ಕಾರ್ಡನ್ನು ಕಪಾಟಿನಲ್ಲಿ ಸೀರೆಗಳ ಕೆಳಗೆ ಇಟ್ಟು ಬೀಗ ಹಾಕಿದೆ. ಜನವರಿಯ ಕೊನೆಗೆ ವರದಿ ತೆಗೆದು ನೋಡಿದರೆ 762 ಇದ್ದ ಸ್ಕೋರ್ 698. ತೀರಿಸಿದ ಕಾರ್ಡಿನ ಎದುರಿಗೇ ಬಾಕಿ ಉಳಿದ ದಿನಗಳ ಸಂಖ್ಯೆ ಕೂತಿತ್ತು.

ಇದು ನನ್ನ ತಲೆಗೆ ಹೋಗಲು ಎರಡು ಭಾನುವಾರ ಬೇಕಾಯಿತು, ಆದ್ದರಿಂದ ನಿಧಾನವಾಗಿ ಬರೆಯುತ್ತೇನೆ. 60,000 ಎಂಬುದು 5ನೆಯ ತಾರೀಕಿನ ರಾತ್ರಿಯ ಲೆಕ್ಕ. ಹಿಂದಿನ ತಿಂಗಳ ಬಾಕಿ ಹೊತ್ತು ಬಂದ ಕಾರ್ಡಿಗೆ ಬಡ್ಡಿಯಿಲ್ಲದ ದಿನಗಳು ಎಂಬುದೇ ಇಲ್ಲ, ಬಡ್ಡಿ ದಿನದಿನವೂ ಓಡುತ್ತಿರುತ್ತದೆ. ಗಡುವಿನೊಳಗೆ ಕಟ್ಟಿದರೆ ವಿಳಂಬ ಶುಲ್ಕ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ. ಈ ಎರಡನ್ನೂ ಒಂದೇ ಎಂದುಕೊಂಡದ್ದೇ ನನ್ನ ದಡ್ಡತನ. 5ರಿಂದ 23ರ ವರೆಗೆ ಹದಿನೆಂಟು ದಿನ. ದಿನಕ್ಕೆ 69 ರೂಪಾಯಿಯಂತೆ ಬಡ್ಡಿ 1,242, ಜಿಎಸ್‌ಟಿ 224, ಕೂಡಿದರೆ 1,466. ನಾನು ಹಣ ಕಟ್ಟುವ ಹೊತ್ತಿಗೆ ಈ ಮೊತ್ತ ಹುಟ್ಟಿಯಾಗಿತ್ತು, ಆದರೆ ಯಾವ ಬಿಲ್ಲಿನಲ್ಲೂ ಅಚ್ಚಾಗಿರಲಿಲ್ಲ. ಅದು ಡಿಸೆಂಬರ್ 5ರ ಬಿಲ್ಲಿನಲ್ಲಿ ಬಂತು. ತೀರಿಸಿದ ಕಾರ್ಡಿಗೆ ಇನ್ನೆಂಥ ಬಿಲ್ ಎಂದು ನಾನು ಆ ಮಿಂಚಂಚೆಯನ್ನು ತೆರೆಯಲೇ ಇಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ ಗಡುವು ಕಳೆದು ಮೂರು ದಿನಗಳ ವರೆಗೆ ಕಾರ್ಡಿನ ಬಾಕಿಯನ್ನು ತಡ ಎಂದು ವರದಿ ಮಾಡುವಂತಿಲ್ಲ. ನಾನು ಬಿಟ್ಟದ್ದು ಒಂದು ತಿಂಗಳು. ಬಾಕಿ ಅರವತ್ತು ಸಾವಿರವಾದರೂ ಒಂದೂವರೆ ಸಾವಿರವಾದರೂ ತಡವಾದ ದಿನಗಳ ಎಣಿಕೆ ಒಂದೇ. ಸಿಬಿಲ್ ವರದಿಯಲ್ಲಿ 36 ತಿಂಗಳ ಪಾವತಿಯ ಚರಿತ್ರೆ ಕಾಣುತ್ತದೆ. ಅಂದರೆ ಈ ಕಲೆ ಮೂರು ವರ್ಷ ನನ್ನ ಜೊತೆಗಿರುತ್ತದೆ.

ಆಮೇಲೆ ನಾನೇ ಮಾಡಿಕೊಂಡ ಸುಲಭದ ಲೆಕ್ಕ: ಮೂರೂವರೆಯ ಬಡ್ಡಿಗೆ, ಜಿಎಸ್‌ಟಿ ಸೇರಿ, ಲಕ್ಷಕ್ಕೆ ದಿನವೊಂದಕ್ಕೆ ಸುಮಾರು 136 ರೂಪಾಯಿ. ಬಿಲ್ ದಿನದಿಂದ ಕಟ್ಟುವ ದಿನದ ವರೆಗೆ ಎಣಿಸಿ, ಅಷ್ಟನ್ನು ಬಿಲ್ಲಿನ ಮೇಲೆ ಸೇರಿಸಿ ಕಟ್ಟಿಬಿಡಿ. 22,000ದ ಕಾರ್ಡನ್ನು ಬಿಲ್ ಬಂದ ಹನ್ನೆರಡನೆಯ ದಿನ ತೀರಿಸಿದೆ. ದಿನಕ್ಕೆ 30ರಂತೆ 360 ಆಗಬೇಕು, ನಾನು 400 ಹೆಚ್ಚು ಹಾಕಿದೆ. ಮುಂದಿನ ಬಿಲ್ಲಿನಲ್ಲಿ ನನ್ನದೇ 41 ರೂಪಾಯಿ ಜಮೆಯಾಗಿ ಕಾಣಿಸಿತು. ಆ ಬಿಲ್ಲನ್ನು ಲೋಕಲ್‌ನಲ್ಲಿ ನಿಂತುಕೊಂಡೇ ಮೂರು ಸಲ ಓದಿದೆ. ಲೆಕ್ಕ ಬೇಡವೆನ್ನುವವರು ಗ್ರಾಹಕ ಸೇವೆಗೆ ಕರೆ ಮಾಡಿ, "ಇವತ್ತೇ ಪೂರ್ತಿ ತೀರಿಸಿದರೆ ಎಷ್ಟು" ಎಂದು ಕೇಳಬಹುದು. "ಬಿಲ್ ಎಷ್ಟು" ಎಂದು ಕೇಳಿದರೆ ಮತ್ತೆ ಹಳೆಯ ಗುಂಡಿಗೇ ಬೀಳುತ್ತೀರಿ. ಹೇಗೆ ಕಟ್ಟಿದರೂ, ಬಿಲ್ಲಿನಲ್ಲಿ ಸೊನ್ನೆ ಕಾಣುವ ತನಕ ಕಾರ್ಡಿಗೆ ಬೀಗ ಹಾಕಬೇಡಿ.

ಉಳಿದವು

ತೀರಿಸಿದ ಕೂಡಲೇ ಕಾರ್ಡನ್ನೇ ರದ್ದು ಮಾಡುವ ಹುಮ್ಮಸ್ಸು ಬರುತ್ತದೆ. ಒಂದು ಲಕ್ಷದ್ದೂ ಐವತ್ತು ಸಾವಿರದ್ದೂ ಮಿತಿಯ ಎರಡು ಕಾರ್ಡುಗಳಿವೆ, ಚಿಕ್ಕದರಲ್ಲಿ 30,000 ಬಾಕಿ ಇದೆ ಎನ್ನಿ. ಒಟ್ಟು ಮಿತಿಯಲ್ಲಿ ಬಾಕಿಯ ಪಾಲು, ಅಂದರೆ ಬಳಕೆ, ನೂರಕ್ಕೆ 20. ಇದು ಏರಿದರೆ ಸ್ಕೋರ್ ಇಳಿಯುತ್ತದೆ. ದೊಡ್ಡದನ್ನು ರದ್ದು ಮಾಡಿದ ದಿನವೇ ಅದು 60 ಆಗುತ್ತದೆ, ಒಂದು ಪೈಸೆ ಹೊಸ ಸಾಲ ಮಾಡದೆಯೇ. ವಾರ್ಷಿಕ ಶುಲ್ಕವಿಲ್ಲದ ಹಳೆಯ ಕಾರ್ಡು ಸುಮ್ಮನೆ ಬಿದ್ದಿರಲಿ. ಕೈ ತಡೆಯುವುದಿಲ್ಲ ಎನ್ನುವವರು ರದ್ದು ಮಾಡಲಿ, ಸ್ಕೋರಿಗಿಂತ ಕೈ ಮುಖ್ಯ.

ಕಾರ್ಡಿನ ಬಾಕಿಯನ್ನು ಕಡಿಮೆ ಬಡ್ಡಿಯ ಸಾಲಕ್ಕೆ ತಿರುಗಿಸುವುದು ಒಳ್ಳೆಯ ದಾರಿಯೇ, ಆದರೆ ಒಂದೇ ವಾರದಲ್ಲಿ ಐದು ಬ್ಯಾಂಕುಗಳಿಗೆ ಅರ್ಜಿ ಹಾಕಬೇಡಿ. ಪ್ರತಿ ಅರ್ಜಿಯ ವಿಚಾರಣೆಯೂ ವರದಿಯಲ್ಲಿ ದಾಖಲಾಗುತ್ತದೆ. ನಮ್ಮ ಸ್ಕೋರನ್ನು ನಾವೇ ನೋಡಿಕೊಂಡರೆ ಏನೂ ಕಡಿಮೆಯಾಗುವುದಿಲ್ಲ.

"ಅರ್ಧ ಕಟ್ಟಿ, ಸೆಟ್ಲ್ ಮಾಡೋಣ" ಎಂಬ ಕರೆ ನಮ್ಮಲ್ಲಿ ಇಬ್ಬರಿಗೆ ಬಂದಿದೆ. ಹಾಗೆ ಮುಗಿಸಿದ ಸಾಲದ ಎದುರು ವರದಿಯಲ್ಲಿ ಮುಕ್ತಾಯ ಎಂದು ಬರುವುದಿಲ್ಲ, ಸೆಟ್ಲ್ ಆಗಿದೆ ಎಂದು ಬರುತ್ತದೆ. ಗೃಹಸಾಲ ಕೊಡುವವರು ಅದನ್ನು "ಇವರು ಪೂರ್ತಿ ಕೊಟ್ಟಿಲ್ಲ" ಎಂದೇ ಓದುತ್ತಾರೆ. ಕೆಲಸ ಹೋಗಿ ಒಲೆ ಹೊತ್ತಿಸುವುದೇ ಕಷ್ಟವಾದವರಿಗೆ ಆ ದಾರಿ ತಪ್ಪೆಂದು ನಾನು ಹೇಳಲಾರೆ. ಸಂಬಳ ಬರುತ್ತಿರುವವರಿಗೆ ಬೇಡ. ಪೂರ್ತಿ ತೀರಿಸಿದವರು ಬೇಬಾಕಿ ಪತ್ರವನ್ನು ಕೇಳಿ ಪಡೆದುಕೊಳ್ಳಿ.

ಬ್ಯಾಂಕುಗಳು ಈ ಸಂಸ್ಥೆಗಳಿಗೆ ಮಾಹಿತಿಯನ್ನು ದಿನದಿನವೂ ಕಳಿಸುವುದಿಲ್ಲ, 2025ರ ಜನವರಿಯಲ್ಲಿ ಬಂದ ನಿಯಮ ಹದಿನೈದು ದಿನಕ್ಕೊಮ್ಮೆ ಎಂದಿತ್ತು. ಆದ್ದರಿಂದ ಇವತ್ತು ಕಟ್ಟಿ ನಾಳೆ ಸ್ಕೋರ್ ನೋಡಿ ಕೊರಗಬೇಡಿ. ನಾಲ್ಕೂ ಸಂಸ್ಥೆಗಳು ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ತಪ್ಪಿದ್ದರೆ ದೂರು ಕೊಡಿ. ಮೂವತ್ತು ದಿನಗಳೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಸಿಗಬೇಕೆಂಬ ನಿಯಮವಿದೆ. ಮುಂದಿನ ಭಾನುವಾರ ಎಲ್ಲರೂ ನಾಲ್ಕು ವರದಿಗಳನ್ನೂ ಮುದ್ರಿಸಿ ತನ್ನಿ. ನನ್ನ ಒಂದರಲ್ಲಿ ಹನ್ನೊಂದು ವರ್ಷ ಹಿಂದಿನ ಪರೇಲ್ ಚಾಳಿನ ವಿಳಾಸವೇ ಇನ್ನೂ ಕೂತಿದೆ.