ಹನ್ನೆರಡು ಜನ, ಶುಕ್ರವಾರ ಸಂಜೆ, ಎಂಜಿ ರೋಡ್: ಯಾವ ರೂಫ್‌ಟಾಪ್ ಬಾರ್‌ಗೆ ಹೋಗುವುದು?

ಪ್ರಶ್ನೆ: ನಮ್ಮ ಟೀಮ್‌ನಲ್ಲಿ ಹನ್ನೆರಡು ಜನ. ಒಬ್ಬಳು ಕೆಲಸ ಬಿಟ್ಟು ಬೇರೆ ಕಡೆ ಹೋಗುತ್ತಿದ್ದಾಳೆ. ಶುಕ್ರವಾರ ಬೆಂಗಳೂರಿನ ಎಂಜಿ ರೋಡ್, ಚರ್ಚ್ ಸ್ಟ್ರೀಟ್ ಕಡೆ ಯಾವುದಾದರೂ ರೂಫ್‌ಟಾಪ್ ಬಾರ್‌ಗೆ ಹೋಗೋಣ ಅಂತ ಮಾತಾಗಿದೆ. ಜಾಗ ಹುಡುಕುವ ಕೆಲಸ ನನ್ನ ತಲೆಗೆ ಬಿದ್ದಿದೆ. ಫೋಟೋದಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಏನು ನೋಡಿ ಆರಿಸಲಿ?

ಉತ್ತರ: ಫೋಟೋ ಬಿಡಿ, ಫೋನ್ ಮಾಡಿ. ಮೊದಲು ಒಂದೇ ಒಂದು ವಿಷಯ ಕೇಳಿ: ಹನ್ನೆರಡು ಜನ ಒಟ್ಟಿಗೆ, ಒಂದೇ ಟೇಬಲ್‌ನಲ್ಲಿ, ಮೇಲೆ ಸೂರಿರುವ ಕಡೆ ಕೂರಬಹುದಾ? ಇದಕ್ಕೆ ತಡವರಿಸದೆ ಹೌದು ಅನ್ನುವವರು ಕಡಿಮೆ. ನಿಮ್ಮ ಪಟ್ಟಿ ಇಲ್ಲಿಗೇ ಅರ್ಧವಾಗುತ್ತದೆ, ನೋಡ್ತಾ ಇರಿ.

ಯಾಕೆ ಅಂದರೆ ತಾರಸಿ ಮೇಲಿನ ಬಾರ್‌ಗಳು ಹೆಚ್ಚಾಗಿ ಇಬ್ಬರು, ನಾಲ್ವರು ಬರುವ ಲೆಕ್ಕದಲ್ಲೇ ಸೀಟು ಹಾಕಿರುತ್ತಾರೆ. ಒಳ್ಳೆಯ ಸೀಟುಗಳೆಲ್ಲ ಅಂಚಿನಲ್ಲಿ. ಗೋಡೆಗೆ ಒತ್ತಿಕೊಂಡು ಉದ್ದಕ್ಕೆ ಒಂದು ಹಲಗೆ, ಅದರ ಮುಂದೆ ಎತ್ತರದ ಸ್ಟೂಲುಗಳು. ಹನ್ನೆರಡು ಜನ ಅಲ್ಲಿ ಸಾಲಾಗಿ ಕೂತರೆ ಎಲ್ಲರ ಮುಖವೂ ರಸ್ತೆ ಕಡೆ, ಮಾತಿಗೆ ಸಿಗುವವರು ಎಡಕ್ಕೊಬ್ಬರು ಬಲಕ್ಕೊಬ್ಬರು ಅಷ್ಟೇ, ಹೊರಡುತ್ತಿರುವ ಹುಡುಗಿ ಆ ತುದಿಯಲ್ಲಿದ್ದರೆ ಈ ತುದಿಯವರು ಬಾತ್‌ರೂಮ್ ನೆಪ ಮಾಡಿಕೊಂಡು ಎದ್ದು ಹೋಗಿ ಅವಳನ್ನು ಮಾತಾಡಿಸಬೇಕು. ಬೀಳ್ಕೊಡುಗೆ ಅಂತ ಕರೆದು ಈ ಅವಸ್ಥೆ ಬೇಕಾ?

ಫೋನಿನಲ್ಲಿ "ಅಡ್ಜಸ್ಟ್ ಮಾಡೋಣ ಸರ್" ಅಂದರೆ ಹುಷಾರಾಗಿ. ಅಲ್ಲಿಗೇ ಬಿಡಬೇಡಿ. "ಎಷ್ಟು ಟೇಬಲ್ ಜೋಡಿಸ್ತೀರಾ, ಎಲ್ಲಿ ಜೋಡಿಸ್ತೀರಾ?" ಅಂತ ಕೇಳಿ. "ಮೂರು ಟೇಬಲ್ ಸರ್, ಡಿಜೆ ಪಕ್ಕದಲ್ಲೇ, ಸೂಪರ್ ಆಗಿರುತ್ತೆ" ಅಂದರೆ ಥ್ಯಾಂಕ್ಸ್ ಹೇಳಿ ಫೋನ್ ಇಟ್ಟುಬಿಡಿ. ಸ್ಪೀಕರ್ ಪಕ್ಕ ಕೂತು ಹನ್ನೆರಡು ಜನ ಮಾತಾಡೋಕೆ ಆಗುವುದಿಲ್ಲ, ಕಿರುಚಾಡಬಹುದು.

ಇನ್ನು ಮಳೆ. ಸೂರು ಸೂರು ಅಂತ ನಾನು ಬಡಿದುಕೊಳ್ಳುವುದು ಇದಕ್ಕೇ. ಏಪ್ರಿಲ್, ಮೇನಲ್ಲಿ ಮಧ್ಯಾಹ್ನವೆಲ್ಲ ಸುಡುವ ಬಿಸಿಲು, ಸರಿಯಾಗಿ ಆಫೀಸ್ ಬಿಡುವ ಹೊತ್ತಿಗೆ ಗುಡುಗು, ಆಲಿಕಲ್ಲು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಂತೂ ಕೇಳಲೇಬೇಡಿ. ಮಳೆ ಶುರುವಾದ ಕೂಡಲೇ ತಾರಸಿ ತಾರಸಿಯೇ ಎದ್ದು ಒಳಗೆ ಓಡುತ್ತದೆ, ಒಳಗೆ ಅಷ್ಟು ಸೀಟು ಇರುವುದಿಲ್ಲ. ಇಬ್ಬರು ಬಂದವರು ಹೇಗೋ ಒಂದು ಮೂಲೆಯಲ್ಲಿ ತೂರಿಕೊಳ್ಳುತ್ತಾರೆ, ದೊಡ್ಡ ಗುಂಪು ಕೈಯಲ್ಲಿ ಗ್ಲಾಸ್ ಹಿಡಿದು ಲಿಫ್ಟ್ ಮುಂದೆ ನಿಲ್ಲುತ್ತದೆ. ಹಾಗಾಗಿ "ಕವರ್ಡ್ ಇದೆ ಸರ್" ಅಂದಾಗ ಯಾವ ಥರದ ಕವರ್ ಅಂತಲೂ ಕೇಳಿ. ದೊಡ್ಡ ಛತ್ರಿಗಳಾದರೆ ಒಂದು ತೊಂದರೆ ಇದೆ. ಜೋಡಿಸಿದ ಟೇಬಲ್ ಮೇಲೆ ಎರಡು ಛತ್ರಿಗಳ ಅಂಚು ಕೂಡುವ ಜಾಗ ಸರಿಯಾಗಿ ಮಧ್ಯಕ್ಕೇ ಬರುತ್ತದೆ, ನೀರೆಲ್ಲ ಅಲ್ಲಿಂದಲೇ ಸೋರುತ್ತದೆ, ಅದರ ಕೆಳಗೆ ಗೋಬಿ ಮಂಚೂರಿ ಪ್ಲೇಟ್ ಇರುತ್ತದೆ. ಗಟ್ಟಿ ಶೀಟ್ ಹಾಕಿದ್ದರೆ ನೆನೆಯುವುದಿಲ್ಲ, ಆದರೆ ಜೋರು ಮಳೆಗೆ ಆ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ. ಆದರೂ ಅದೇ ವಾಸಿ. ಡಿಸೆಂಬರ್, ಜನವರಿಯಲ್ಲಿ ಮಳೆಯ ಭಯ ಇಲ್ಲ, ಆದರೆ ಎತ್ತರದಲ್ಲಿ ಗಾಳಿ ಜಾಸ್ತಿ. ಫ್ರೈಸ್ ಐದೇ ನಿಮಿಷಕ್ಕೆ ತಣ್ಣಗಾಗುತ್ತದೆ. ಸ್ವೆಟರ್ ತರೋಕೆ ಗ್ರೂಪ್‌ನಲ್ಲಿ ಒಂದು ಮೆಸೇಜ್ ಹಾಕಿ.

ವ್ಯೂ ಬಗ್ಗೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ನನ್ನ ಪ್ರಕಾರ ಅದು ಹತ್ತು ನಿಮಿಷದ ವಿಷಯ: ಬಂದ ಕೂಡಲೇ ಒಂದು ಸೆಲ್ಫಿ, ಆಮೇಲೆ ಯಾರೂ ಆ ಕಡೆ ತಿರುಗುವುದಿಲ್ಲ. ಬೇಕೇ ಬೇಕು ಅಂದರೆ ಬೇಗ ಹೋಗಿ. ಎಂಜಿ ರೋಡಿನ ಸೊಗಸು ಅಂದರೆ ಒಂದು ಕಡೆ ಕಬ್ಬನ್ ಪಾರ್ಕ್, ಇನ್ನೊಂದು ಕಡೆ ಪರೇಡ್ ಗ್ರೌಂಡ್‌ನ ಹಸಿರು. ಕತ್ತಲಾದ ಮೇಲೆ ಅವೆರಡೂ ಬರೀ ಕಪ್ಪು. ನಮ್ಮಲ್ಲಿ ಸೂರ್ಯ ಮುಳುಗುವುದು ವರ್ಷವಿಡೀ ಹೆಚ್ಚುಕಡಿಮೆ ಆರರಿಂದ ಏಳರ ಒಳಗೆ, ಐದೂವರೆಗೆ ಹೋದವರಿಗೆ ಮಾತ್ರ ಅದು ಸಿಗುತ್ತದೆ. ಎತ್ತರ ಬೇಕು ಅನ್ನುವವರು ಎಂಜಿ ರೋಡಿನಲ್ಲೇ ಇರುವ ಬಾರ್ಟನ್ ಸೆಂಟರ್‌ನ 13ನೇ ಮಹಡಿ, ರಾಜಾಜಿನಗರದ ವರ್ಲ್ಡ್ ಟ್ರೇಡ್ ಸೆಂಟರ್‌ನ 31ನೇ ಮಹಡಿ ಅಂತೆಲ್ಲ ಹೇಳುತ್ತಾರೆ. ಎರಡನೆಯದು ನಿಮ್ಮ ದಾರಿಯೇ ಅಲ್ಲ. ನನ್ನನ್ನು ಕೇಳಿದರೆ ಚರ್ಚ್ ಸ್ಟ್ರೀಟ್‌ನ ಮೂರನೇ, ನಾಲ್ಕನೇ ಮಹಡಿಯೇ ಸಾಕು. ಕೆಳಗೆ ಓಡಾಡುವ ಜನ ಕಾಣುತ್ತಾರೆ, ಗಾಳಿಗೆ ಟಿಶ್ಯೂ ಹಾರುವುದಿಲ್ಲ. ಈ ಏರಿಯಾದಲ್ಲಿ ಬಾರ್‌ಗಳು ಹೆಸರು ಬದಲಿಸುತ್ತಲೇ ಇರುತ್ತವೆ, ಎರಡು ವರ್ಷದ ಹಿಂದಿನ ರಿವ್ಯೂ ನಂಬಿ ಹೊರಡಬೇಡಿ.

ಬೇಗ ಹೋಗೋಕೆ ಇನ್ನೊಂದು ಕಾರಣ ಇದೆ. ಬೆಂಗಳೂರಿನಲ್ಲಿ ಬಾರ್ ರಾತ್ರಿ 1ರವರೆಗೆ ತೆರೆದಿರಬಹುದು, ಸರಿ. ಆದರೆ 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಲೌಡ್‌ಸ್ಪೀಕರ್ ಹಾಕುವಂತಿಲ್ಲ. ತಾರಸಿ ಬಯಲೇ ತಾನೇ. ಅಂದರೆ ಡ್ಯಾನ್ಸ್ ಬೇಕು ಅಂತ ಒಂಬತ್ತೂವರೆಗೆ ಬಂದವರಿಗೆ ಅರ್ಧ ಗಂಟೆ ಅಷ್ಟೇ. ಮಾತಾಡೋಕೆ ಬಂದವರಿಗೆ ಹತ್ತರ ಮೇಲೆಯೇ ಹಬ್ಬ.

ಬಾಗಿಲಲ್ಲಿ ಸಿಕ್ಕಿಹಾಕಿಕೊಳ್ಳುವ ವಿಷಯಗಳೂ ಇವೆ. ಟೀಮ್‌ನಲ್ಲಿ ಈಗಷ್ಟೇ ಕಾಲೇಜು ಮುಗಿಸಿದವರಿದ್ದರೆ ಐಡಿ ಕಾರ್ಡ್ ತರೋಕೆ ಹೇಳಿ, ಹೆಚ್ಚಿನ ಕಡೆ ವಯಸ್ಸು 21 ಆಗಿರಬೇಕು ಅಂತಲೇ ಪಟ್ಟು ಹಿಡಿಯುತ್ತಾರೆ. ಗುಂಪಿನಲ್ಲಿ ಹುಡುಗರೇ ಜಾಸ್ತಿ ಇದ್ದರೆ ಸ್ಟ್ಯಾಗ್ ಎಂಟ್ರಿ, ಅಂದರೆ ಜೊತೆಗೆ ಹುಡುಗಿಯರಿಲ್ಲದ ಹುಡುಗರನ್ನು ಒಳಗೆ ಬಿಡುವುದು, ಇದೆಯಾ, ಒಳಗೆ ಹೋಗೋಕೆ ಕಟ್ಟುವ ಕವರ್ ಚಾರ್ಜ್ ಎಷ್ಟು ಅಂತ ಮೊದಲೇ ಕೇಳಿ, ಅಲ್ಲಿ ನಿಂತು ಬೌನ್ಸರ್ ಜೊತೆ ವಾದ ಮಾಡಿದರೆ ಸಂಜೆಯ ಮೂಡೇ ಹಾಳು. ಯಾರಾದರೂ "ಹುಕ್ಕಾ ಇದೆ" ಅಂತ ಕರೆದರೆ ಹೋಗಬೇಡಿ. 2024ರ ಫೆಬ್ರವರಿಯಿಂದ ರಾಜ್ಯದಲ್ಲಿ ಅದಕ್ಕೆ ನಿಷೇಧ ಇದೆ.

ಒಂದು ವಿಷಯ ಮಾತ್ರ ಸುಮ್ನೆ ಬಿಡಬೇಡಿ. 2017ರ ಡಿಸೆಂಬರ್ 29ರಂದು ಮುಂಬೈನ ಕಮಲಾ ಮಿಲ್ಸ್‌ನಲ್ಲಿ ರೂಫ್‌ಟಾಪ್ ಪಬ್‌ಗೆ ಬೆಂಕಿ ಬಿದ್ದು 14 ಜನ ಸತ್ತರು. 2023ರ ಅಕ್ಟೋಬರ್‌ನಲ್ಲಿ ನಮ್ಮ ಕೋರಮಂಗಲದಲ್ಲೂ ಒಂದು ರೂಫ್‌ಟಾಪ್ ಕೆಫೆ ಹೊತ್ತಿ ಉರಿದು, ಒಬ್ಬರು ಮೇಲಿಂದಲೇ ಹಾರಿದರು. ಹೋದ ಕೂಡಲೇ ಮೆಟ್ಟಿಲು ಎಲ್ಲಿದೆ ನೋಡಿಕೊಳ್ಳಿ. ಲಿಫ್ಟ್ ಅಲ್ಲ, ಮೆಟ್ಟಿಲು. ಅಲ್ಲಿ ಬಿಯರ್ ಕ್ರೇಟ್, ಮುರಿದ ಕುರ್ಚಿ ಒಟ್ಟಿದ್ದರೆ, ಜಾಗ ಎಷ್ಟೇ ಚೆನ್ನಾಗಿದ್ದರೂ ವಾಪಸ್ ಬನ್ನಿ. ಒಂದು ದಿನ ಮೊದಲು ಯಾರಾದರೂ ಹೋಗಿ ನೋಡಿ ಬಂದರೆ ಇನ್ನೂ ಒಳ್ಳೆಯದು.

ದುಡ್ಡಿನ ವಿಷಯ. ಹನ್ನೆರಡು ಜನರಲ್ಲಿ ಮೂರ್ನಾಲ್ಕು ಜನ ಕುಡಿಯುವುದಿಲ್ಲ, ಇಬ್ಬರು ಪೂರ್ತಿ ವೆಜ್, ಬಿಲ್ ಮಾತ್ರ ಸಮಪಾಲು ಅಂದರೆ ಸೋಮವಾರ ಯಾರೂ ಯಾರ ಮುಖ ನೋಡುವುದಿಲ್ಲ. ಊಟಕ್ಕೆ ಒಂದು ಬಿಲ್, ಡ್ರಿಂಕ್ಸ್‌ಗೆ ಒಂದು ಬಿಲ್ ಕೊಡೋಕೆ ಮೊದಲ ಆರ್ಡರ್‌ಗೂ ಮುಂಚೆಯೇ ಹೇಳಿ, ಕೊನೆಗೆ ಹೇಳಿದರೆ ಆಗುವುದಿಲ್ಲ ಅನ್ನುತ್ತಾರೆ. ಬಿಲ್ ಬಂದಾಗ ಎರಡು ಸಾಲು ನೋಡಿ. ಮದ್ಯಕ್ಕೆ ಜಿಎಸ್‌ಟಿ ಇಲ್ಲ, ಅದು ಊಟಕ್ಕೆ ಮಾತ್ರ, ಸಾಮಾನ್ಯವಾಗಿ 5%. ಸರ್ವಿಸ್ ಚಾರ್ಜ್ ಕಡ್ಡಾಯ ಮಾಡುವಂತಿಲ್ಲ ಅಂತ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದಿದೆ. ಬೇಡ ಅಂತ ಮೆತ್ತಗೆ ಹೇಳಿದರೆ ತೆಗೆಯಬೇಕು. ಓಡಾಡಿ ತಂದುಕೊಟ್ಟ ಹುಡುಗನ ಕೈಗೆ ಟಿಪ್ಸ್ ಕೊಡಿ, ಅದು ಬೇರೆ ಮಾತು.

ಗಾಡಿ ತರಬೇಡಿ. ಎಂಜಿ ರೋಡ್, ಕಬ್ಬನ್ ಪಾರ್ಕ್ ಎರಡೂ ನೇರಳೆ ಮಾರ್ಗದ ಮೆಟ್ರೋ ಸ್ಟೇಷನ್. ಜಯನಗರ, ಮಲ್ಲೇಶ್ವರದವರು ಮೆಜೆಸ್ಟಿಕ್‌ನಲ್ಲಿ ಬದಲಿಸಿದರಾಯಿತು. ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಜೈಲೂ ಆಗಬಹುದು. ಒಂದು ಗಂಟೆಗೆ ಎಲ್ಲ ಬಾರ್‌ಗಳೂ ಒಟ್ಟಿಗೆ ಖಾಲಿಯಾದಾಗ ಆಟೋದವರು ಹೇಳಿದ್ದೇ ರೇಟು. ಹತ್ತೂವರೆಗೆ ಎದ್ದರೆ ಮೆಟ್ರೋ ಸಿಗುತ್ತದೆ.

ಹಾಂ, ಬುಕ್ ಮಾಡುವಾಗ ತಲೆಗಿಷ್ಟು ಅಂತ ಅಡ್ವಾನ್ಸ್ ಕೇಳಿದರೆ ಹತ್ತು ಜನಕ್ಕೆ ಕೊಡಿ, ಟೇಬಲ್ ಮಾತ್ರ ಹನ್ನೆರಡು ಜನಕ್ಕೆ ಆಗುವಂಥದ್ದೇ ಕೇಳಿ. ಇಬ್ಬರು ಐದು ಗಂಟೆಗೆ ಕ್ಲೈಂಟ್ ಕಾಲ್ ಇದೆ ಅಂತ ಕೈ ಕೊಡುವುದು ಗ್ಯಾರಂಟಿ.